ಕಂಬಳಿಯ ಹಿಂದಿನ ಹಾಲು

ಟೇಪು ತಿರುಗುತ್ತಿತ್ತು. ಹಾಡಿನ ಮೂರನೆಯ ಚರಣದಲ್ಲಿ ತಬಲ ಇದ್ದಕ್ಕಿದ್ದಂತೆ ಖಣ್ ಎಂದಿತು. ನಾಲ್ಕೈದು ಪೆಟ್ಟು ಹಾಗೆಯೇ ಮೊಳಗಿ, ಮತ್ತೆ ಮೊದಲಿನಂತೆ ಮಂದವಾಯಿತು.

ನಾನು ಗುಂಡಿ ಒತ್ತಿ ನಿಲ್ಲಿಸಿದೆ. ಹಿಂದಕ್ಕೆ ಸುತ್ತಿ ಮತ್ತೆ ಹಚ್ಚಿದೆ. ಅದೇ ಜಾಗ, ಅದೇ ಖಣ್.

"ಪಾಲಯ್ಯಣ್ಣ, ಇಲ್ಲಿ ನೀ ಏನರ ಜೋರು ಬಾರಿಸಿದ್ದೇನು?" ಎಂದು ಹೆಡ್‌ಫೋನು ತೆಗೆದು ಅವನ ಕಿವಿಗಿಟ್ಟೆ.

ಕೂಡ್ಲಿಗಿಯ ಪಾಲಯ್ಯ ನಾಟಕ ಕಂಪನಿಯ ತಬಲದವನು. ಮೊನ್ನೆ ಸೋಮವಾರ ಕಂಪನಿಯ ಕ್ಯಾಸೆಟ್ಟಿಗೆಂದು ಈ ಹಾಡಿಗೆ ಇದೇ ಗೋದಾಮಿನಲ್ಲಿ ಕೂತು ಬಾರಿಸಿದವನು. ಕಣ್ಣು ಮುಚ್ಚಿ ಕೇಳಿದ, ತೊಡೆಯ ಮೇಲೆ ಬೆರಳಾಡಿಸಿದ, ತಲೆ ಅಲ್ಲಾಡಿಸಿದ.

"ನನ್ನ ಕೈ ಅಲ್ಲವ್ವ ಇದು. ಕೈ ಒಂದ ಸಮ ನಡದೈತಿ. ಇದು ಗೋಡಿ ಮಾತಾಡಿದ್ದು."

"ಗೋಡಿಗೆ ಕಂಬಳಿ ಇಳಿಬಿಟ್ಟಿತ್ತಲ್ಲ?"

"ಬಿಟ್ಟಿತ್ತು. ಆ ಹೊತ್ತಿನಾಗ ಯಾರೋ ಎತ್ಯಾರ."

ಆ ಕಂಬಳಿಯ ಹಿಂದೆ ಇದ್ದದ್ದು ನನ್ನ ಹಾಲಿನ ತಂಬಿಗೆ. ಸೋಮವಾರ ಈ ಹಾಡು ಮುಗಿದ ಮೇಲೆ ಕಂಪನಿಯ ಹಾಡುಗಾರ್ತಿ ಹಂಪಮ್ಮ ಆ ಹಾಲು ಕುಡಿದಳು. ಮರುದಿನ ಅವಳ ಗಂಟಲಿನಿಂದ ಬರೀ ಗಾಳಿ ಬಂತು. ತಂಬಿಗೆಯ ತಳದಲ್ಲಿ ಸಿಂಧೂರ ಸಿಕ್ಕಿತು.

ನಾಟಕ ಕಂಪನಿಯವರಿಗೆ ಸಿಂಧೂರದ ಮಾತು ಹೊಸದಲ್ಲ. ಯಾರ ಕೊರಳು ಚೆನ್ನಾಗಿದೆಯೋ ಅವರ ಎಲೆ ಅಡಿಕೆಯಲ್ಲೋ ಹಾಲಿನಲ್ಲೋ ಅದನ್ನು ಬೆರೆಸಿದರೆ ಸ್ವರ ಸತ್ತುಹೋಗುತ್ತದೆ ಎಂದು ಅಜ್ಜಂದಿರ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ನನ್ನ ಹಾಲಿಗೆ ಅರಿಷಿಣ, ಬೆಲ್ಲ ಎರಡೂ ಬಿದ್ದಿದ್ದವು. ಆ ಬಣ್ಣದಲ್ಲಿ ಕೆಂಪು ಕಾಣಲೇ ಇಲ್ಲ.

ಹಾಲು ಕಾಯಿಸಿದವಳು ನಾನು. ತಂದಿಟ್ಟವಳು ನಾನು. ಇಟ್ಟ ಕೂಡಲೇ ಟೆಲಿಫೋನ್ ಎಕ್ಸ್‌ಚೇಂಜಿನ ಡ್ಯೂಟಿಗೆ ಓಡಿದವಳೂ ನಾನೇ. ಇನ್ನೇನು ಬೇಕು ಕೊಟ್ಟೂರಿಗೆ? "ಮೈಕ್ ಸೆಟ್ ಓಬಳೇಶನ ಹೆಂಡ್ತಿ ಗಾಳೆಮ್ಮ ಹೊಟ್ಟಿಕಿಚ್ಚಿಗೆ ಹಾಕ್ಯಾಳ" ಎಂದು ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುವವರೆಲ್ಲ ತೀರ್ಪು ಕೊಟ್ಟು ಕೈ ತೊಳೆದುಕೊಂಡರು.

ಹೊಟ್ಟೆಕಿಚ್ಚಿಲ್ಲ ಎಂದರೆ ನನ್ನ ನಾಲಗೆ ಬಿದ್ದುಹೋದೀತು. ಇದೆ. ಒಲೆ ತುಂಬ ಇದೆ. ಆದರೆ ಸಿಂಧೂರ ಹಾಕಿದವಳು ನಾನಲ್ಲ.

ಊರು ಏನಾದರೂ ಅನ್ನಲಿ. ನಮ್ಮವರು ಅಂದದ್ದು ನನ್ನನ್ನು ತಿನ್ನುತ್ತಿದೆ. ಅಂದದ್ದು ಎಂದರೆ, ಅವರು ಏನೂ ಅಂದಿಲ್ಲ. ಸಿಂಧೂರ ಸಿಕ್ಕ ದಿನ ತಮ್ಮ ಹಾಸಿಗೆ ಸುತ್ತಿಕೊಂಡು ಮೈಕ್ ಸೆಟ್ ಅಂಗಡಿಗೆ ಹೋದವರು ಇವತ್ತಿನವರೆಗೆ ನನ್ನ ಜೊತೆ ಒಂದು ಮಾತಾಡಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಬೈಯುವುದರಲ್ಲಿ ನಾನೇನು ಕಡಿಮೆಯವಳಲ್ಲ. ಮಾತೇ ಆಡದವರ ಜೊತೆ ಜಗಳ ಹೇಗೆ ಆಡುವುದು?

ಇವತ್ತು ಬೆಳಗ್ಗೆ ಅವರು ಹಂಪಮ್ಮನನ್ನು ಕರೆದುಕೊಂಡು ತೆಲಿಗಿಗೆ ಹೋದರು. ಅಲ್ಲೊಬ್ಬ ಪಂಡಿತ ಗಂಟಲಿಗೆ ಬೇರಿನ ಔಷಧ ಕೊಡುತ್ತಾನಂತೆ. ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಜಾಗ ಹಿಡಿದು, ಗಾಳಿ ಬಡಿಯಬಾರದೆಂದು ತಮ್ಮ ಟವೆಲ್ಲು ಕೊಟ್ಟು ಕೂರಿಸಿದ್ದನ್ನು ಎಕ್ಸ್‌ಚೇಂಜಿನ ಕಿಟಕಿಯಿಂದಲೇ ನೋಡಿದೆ. ಅವಳಿಗೆ ಮಾತು ಬರುತ್ತಿಲ್ಲ; ಬರೀ ಕೈಸನ್ನೆ. ಆ ಸನ್ನೆ ಕಂಪನಿಯವರಿಗೇ ಅರ್ಥವಾಗುವುದಿಲ್ಲ. ನಮ್ಮವರಿಗೆ ಮಾತ್ರ ಒಂದು ಬೆರಳೆತ್ತಿದರೆ ಸಾಕು, ನೀರು ಬೇಕೆಂದು ತಿಳಿಯುತ್ತದೆ. ನಾನು ಬಾಯಿಬಿಟ್ಟು ಕೂಗಿದರೂ ಯಾವತ್ತು ತಿಳಿದಿತ್ತು ಇವರಿಗೆ?

ಬಸ್ಸು ಹೋದದ್ದೇ ತಡ, ರಜೆ ಬರೆದುಕೊಟ್ಟು ಗೋದಾಮಿನ ಬೀಗ ತೆಗೆದೆ. "ಮೂರನೇ ಹಾಡು ಕೆಟ್ಟಿತ್ತು, ಅಳಿಸೀನಿ" ಎಂದು ಅವರು ಎಲ್ಲರಿಗೂ ಹೇಳಿದ್ದರು. ಆ ಟೇಪಿನ ಸ್ಪೂಲು ನನಗೆ ಸಿಕ್ಕದ್ದು ಒಂದು ಹತ್ತಿ ಅಂಡಿಗೆಯ, ಎಂದರೆ ದೊಡ್ಡ ಮೂಟೆಯ, ಒಳಗೆ, ನನ್ನದೇ ಹಳೆ ಸೀರೆಯ ತುಂಡಿನಲ್ಲಿ ಸುತ್ತಿಟ್ಟದ್ದು. ಅಳಿಸಿರಲಿಲ್ಲ, ಬಚ್ಚಿಟ್ಟಿದ್ದರು. ನನ್ನನ್ನು ಉಳಿಸಲಿಕ್ಕೇ ಹೀಗೆ ಮಾಡಿದ್ದಾರೆ, ಮಾತು ಬಿಟ್ಟರೂ ಮನಸ್ಸು ಬಿಟ್ಟಿಲ್ಲ ಎಂದುಕೊಂಡೆ. ಹೆಣ್ಣಿನ ಬುದ್ಧಿ ನೋಡಿ, ಅಷ್ಟಕ್ಕೇ ಕರಗಿತು.

ಆಮೇಲೆ ಪಾಲಯ್ಯನನ್ನು ಕರೆಸಿದೆ. ಕಂಪನಿಯ ಎರ್ರಮ್ಮನಿಗೂ ಹೇಳಿ ಕಳಿಸಿದೆ.

ಎರ್ರಮ್ಮನ ಹೆಸರು ನನ್ನ ತಲೆಯಲ್ಲಿ ಸುಮ್ಮನೆ ಬಂದದ್ದಲ್ಲ. ಈ ಗೋದಾಮು ಒಮ್ಮೆ ನೋಡಿದರೆ ಯಾರಿಗಾದರೂ ಬರುತ್ತದೆ.

ಗೋದಾಮು ವ್ಯಾಪಾರಿ ಶಿವಯೋಗಪ್ಪನವರದು. ಸುತ್ತ ಕಲ್ಲಿನ ಗೋಡೆ, ಮೇಲೆ ತಗಡು. ಒಳಗೆ ನಿಂತು ಒಂದು ಚಪ್ಪಾಳೆ ಹೊಡೆದರೆ ಮೂರು ಕೇಳುತ್ತಿತ್ತು. "ಇಲ್ಲಿ ಹಾಡಿದ್ರ ಬಾವ್ಯಾಗ ಬಿದ್ದು ಹಾಡಿದಂಗ ಆಗತೈತಿ" ಎಂದು ನಮ್ಮವರು ಮೊದಲ ದಿನ ತಲೆ ಹಿಡಿದು ಕೂತಿದ್ದರು. ಆಮೇಲೆ ಕುರುಬರ ದೊಡ್ಡಬೀರಪ್ಪನಿಂದ ಕಂಬಳಿಗಳನ್ನು ಕೇಳಿ ತಂದು, ಗೋಡೆಗೆ ಒತ್ತಿಸದೆ ಗೇಣು ಜಾಗ ಬಿಟ್ಟು, ಹಗ್ಗದ ಮೇಲೆ ಇಳಿಬಿಟ್ಟರು. ಗೋಡೆಗೂ ಕಿವಿ ಇದೆ ಎನ್ನುತ್ತಾರಲ್ಲ, ಇವರು ಆ ಕಿವಿಗೆಲ್ಲ ಕಂಬಳಿ ಹೊದಿಸಿದರು. ಚಪ್ಪಾಳೆ ಒಂದೇ ಆಯಿತು.

ಅಷ್ಟಕ್ಕೆ ಮುಗಿಯಲಿಲ್ಲ. ತಬಲದ ಸದ್ದು ಹಾಡಿನ ಮೈಕಿಗೆ ಸೋರಬಾರದು, ಹಾರ್ಮೋನಿಯಂ ಪೇಟಿಯ ಸದ್ದು ತಬಲದ ಮೈಕಿಗೆ ಸೋರಬಾರದು ಎಂದು ಕೂತವರ ತಲೆ ಮುಳುಗುವಷ್ಟು ಎತ್ತರಕ್ಕೆ ಹತ್ತಿ ಅಂಡಿಗೆಗಳನ್ನು ಅಡ್ಡ ಪೇರಿಸಿದರು. ತಬಲದ ಕೆಳಗೆ ಕೌದಿ ಹಾಸಿದರು. ಹಾಡಿನ ಮೈಕನ್ನು ಬೆನ್ನು ತಬಲದ ಕಡೆಗೆ, ಬಾಯಿ ಹಂಪಮ್ಮನ ಕಡೆಗೆ ಬರುವಂತೆ ನಿಲ್ಲಿಸಿದರು. "ಈ ಮೈಕಿಗೆ ಬೆನ್ನ ಕಡಿ ಕಿವುಡು" ಎಂದು ನನಗೂ ತೋರಿಸಿದ್ದರು. ಆಗ ಇನ್ನೂ ಮಾತಾಡುತ್ತಿದ್ದರು.

ಹಂಪಮ್ಮನ ಬೆನ್ನ ಹಿಂದೆ ಗೋಡೆ. ಆ ಗೋಡೆಯಲ್ಲೊಂದು ಗೂಡು. ಗೂಡಿನಲ್ಲಿ ತಂಬಿಗೆ, ಅದರ ಮುಂದೆ ಇಳಿಬಿಟ್ಟ ಕಂಬಳಿ. ಆ ಕಂಬಳಿ ಎತ್ತಿದರೆ ತಬಲದ ಸದ್ದು ಬೋಳು ಕಲ್ಲಿಗೆ ಬಡಿದು ತಿರುಗಿ ಮೈಕಿನ ಬಾಯಿಗೇ ಬರುತ್ತದೆ. ಖಣ್ ಎಂದದ್ದು ಅದು.

ಸದ್ದಿಗೆ ಕಟ್ಟಿದ ಅಡ್ಡ ಕಣ್ಣಿಗೂ ಅಡ್ಡವಾಗಿತ್ತು. ಹಾಡು ನಡೆಯುವಾಗ ಯಾರಿಗೆ ಯಾರೂ ಕಾಣುತ್ತಿರಲಿಲ್ಲ. ಒಂದೇ ಒಂದು ಸಂದು ಬಿಟ್ಟಿದ್ದರು: ಮೂಲೆಯಲ್ಲಿ ರೆಕಾರ್ಡಿಂಗ್ ಮಿಷನ್ನಿನ ಮುಂದೆ ಕೂತ ನಮ್ಮವರಿಗೆ ಹಂಪಮ್ಮನ ಮುಖ ಕಾಣುವಷ್ಟು. ಸನ್ನೆ ಮಾಡಲಿಕ್ಕಂತೆ. ಆಯಿತಪ್ಪ, ಸನ್ನೆಗೇ ಇರಲಿ.

ಮಿಷನ್ನಿನ ಕೆಂಪು ದೀಪ ಹತ್ತಿದರೆ ಯಾರೂ ಕೆಮ್ಮಬಾರದು, ಅಲುಗಬಾರದು. ಬಾಗಿಲಿಗೆ ಒಳಗಿನಿಂದ ಚಿಲಕ. ಹೊರಗಿನವರು ಬರುವ ಮಾತೇ ಇಲ್ಲ. ಉಜ್ಜಿನಿಯ ಪೇಟಿ ಮಾಸ್ತರ ಮರುಳಪ್ಪನ ಪೇಟಿ ಆ ಚರಣದ ಉದ್ದಕ್ಕೂ ಬಿಡದೆ ಕೇಳುತ್ತಿದೆ. ಪಾಲಯ್ಯನ ಎರಡೂ ಕೈ ಕೇಳುತ್ತಿವೆ. ಹಂಪಮ್ಮ ಹಾಡುತ್ತಿದ್ದಾಳೆ. ಉಳಿದವಳು ಪಲ್ಲವಿಗೆ ಮಾತ್ರ ದನಿ ಕೂಡಿಸುವ ಎರ್ರಮ್ಮ. ಚರಣದಲ್ಲಿ ಅವಳಿಗೆ ಕೆಲಸವಿಲ್ಲ. ಅವಳು ಕೂತದ್ದೂ ಗೂಡಿನ ಹತ್ತಿರದ ಅಂಡಿಗೆಯ ಹಿಂದೆಯೇ.

ಎರ್ರಮ್ಮ ಬಾಯಿತುಂಬ ಎಲೆ ಅಡಿಕೆ ಹಾಕಿಕೊಂಡು ಬಂದಳು. ಒಂದು ಕಾಲದಲ್ಲಿ ಕಂಪನಿಯ ನಾಯಕಿ ಪಾತ್ರವೆಲ್ಲ ಅವಳದೇ. ಹೂವಿನಹಡಗಲಿಯಿಂದ ಹಂಪಮ್ಮ ಬಂದ ಮೇಲೆ ಹಿಂದಿನ ಸಾಲಿಗೆ ಸರಿದಳು.

"ಯಾಕ ಕರೆಸಿದಿ ಗಾಳೆವ್ವ? ಊರಾಗ ನಿಂದ ಸುದ್ದಿ. ನನ್ನ ಮೈಗೂ ಹಚ್ಚಬೇಕಂತ ಮಾಡಿಯೇನು?"

"ಹೌದು, ಅದಕ್ಕ ಕರೆಸೀನಿ," ಎಂದೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. "ಮೂರನೇ ಚರಣದಾಗ ಆ ಕಂಬಳಿ ಎತ್ತಿದಾಕಿ ನೀನ."

ಎರ್ರಮ್ಮ ಜಗಿಯುವುದನ್ನು ನಿಲ್ಲಿಸಿದಳು. "ಯಾರು ನೋಡ್ಯಾರ?"

"ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ್ರಂತ. ಯಾರು ಎತ್ತಿದ್ರು ಅಂತ ಕೇಳದ ಬಿಟ್ಟು, ಯಾರು ನೋಡ್ಯಾರ ಅಂತೀಯಲ್ಲ ಅಕ್ಕ?"

"ಏ, ಬಾಯಿ ಬಿಗಿ ಹಿಡಿ! ನಾಟಕದಾಕಿ ಅಂದ್ರ ಏನು ಅಂದ್ರೂ ನಡಿತೈತಿ ಅಂತ ತಿಳ್ಕೊಂಡಿ?"

"ನಾಟಕದಾಕಿ ಅಂತ ಅಲ್ಲ. ಆಕಿ ಬಂದು ನಿನ್ನ ಪಾತ್ರ ಕಸಗೊಂಡ್ಲು. ನಿನಗ ಹೊಟ್ಟಿ ಉರಿದಿಲ್ಲೇನು?"

"ಉರದೈತಿ!" ಎರ್ರಮ್ಮ ಹೊರಗೆ ಹೋಗಿ ಎಲೆ ಉಗುಳಿ ಬಂದು ನನ್ನೆದುರಿಗೇ ಕುಕ್ಕರುಗಾಲಲ್ಲಿ ಕೂತಳು. "ಉರದೈತಿ ಅಂತ ಹೇಳಾಕ ನನಗೇನು ನಾಚಿಕಿ? ಆಕಿ ರಂಗದ ಮ್ಯಾಲ ಬಂದ್ರ ಮಂದಿ ಶಿಳ್ಳಿ ಹೊಡಿತಾರ, ನಾ ಬಂದ್ರ ಬೀಡಿ ಸೇದಾಕ ಎದ್ದು ಹೋಗ್ತಾರ. ನಿನಗೇನು ಗೊತ್ತೈತಿ ಅದು? ನೀ ಉರಿಯೋದು ಒಬ್ಬ ಗಂಡನ ಸಲುವಾಗಿ. ನಾ ಉರಿಯೋದು ಊರೂರಿಗೆ."

ನನ್ನ ಗಂಡನ ಮಾತು ಅವಳ ಬಾಯಿಂದ ಬಂದದ್ದೇ ನನಗೆ ಮೈಯೆಲ್ಲ ಬೆಂಕಿ. "ನನ್ನ ಮನಿ ಸುದ್ದಿ ಬಿಡು," ಎಂದು ಕಿರುಚಿದೆ. ಪಾಲಯ್ಯ ತಬಲದ ಮೇಲಿನ ಬಟ್ಟೆ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದ.

"ಬಿಟ್ಟೆ. ಇನ್ನ ನೀ ಕೇಳು," ಎಂದಳು ಎರ್ರಮ್ಮ. ದನಿ ಇಳಿದಿತ್ತು. "ನನ್ನ ಕೊರಳು ಹುಟ್ಟಿದಾಗಿಂದ ಹಿಂಗ ಗೊಗ್ಗರು ಇತ್ತಂತ ತಿಳಿದಿಯಾ? ಹರಪನಹಳ್ಳಿ ಕ್ಯಾಂಪಿನಾಗ ನನಗೂ ಹಾಕಿದ್ರು. ಎಲಿಯೊಳಗ ಇಟ್ಟು ಕೊಟ್ಟಾಕಿ ನನ್ನ ಕೂಡ ಒಂದ ಗಂಗಾಳದಾಗ ಉಂಡಾಕಿ. ಮುಂಜಾನಿ ಎದ್ದು 'ಎವ್ವಾ' ಅಂದ್ರ ಬಾಯಾಗ ದನಿ ಇಲ್ಲ. ಆ ಮುಂಜಾನಿ ಕಂಡಾಕಿ ನಾನು. ಹಂಪಿ ಮ್ಯಾಲ ನನಗ ಎಷ್ಟ ಸಿಟ್ಟಿರಲಿ, ಆ ಮುಂಜಾನಿ ಆಕಿಗೆ ಬರಲಿ ಅಂತ ನಾ ಬೇಡಂಗಿಲ್ಲ."

ನಂಬಬೇಕೆನಿಸಿತು. ಆದರೆ ಅಳುವುದು ಅವಳ ಕಸುಬು. ಎಷ್ಟು ಊರಿನ ಜನರನ್ನು ಅಳಿಸಿಲ್ಲ ಅವಳು.

ಅದನ್ನೂ ಅವಳೇ ಹೇಳಿದಳು. "ನನ್ನ ಮಾತು ನಂಬಬ್ಯಾಡ. ನನ್ನ ಬಳಿ ಮಾತು ಕೇಳು." ಎರಡೂ ಕೈ ಎತ್ತಿ ಅಲ್ಲಾಡಿಸಿದಳು. ಹಸಿರು ಗಾಜಿನ ಬಳೆಗಳು ಮೊಳಕೈವರೆಗೆ ಖಣಖಣ ಎಂದವು.

ನನಗೆ ಆ ದಿನದ ರಂಪ ನೆನಪಾಯಿತು. ಬಳೆಯ ಸದ್ದು ಮೈಕಿಗೆ ಬೀಳುತ್ತದೆ, ತೆಗೆದಿಡಿ ಎಂದು ನಮ್ಮವರು ಇಬ್ಬರು ಹೆಂಗಸರಿಗೂ ಕೇಳಿಕೊಂಡಿದ್ದರು. ಎರ್ರಮ್ಮ ಗೋದಾಮು ಹಾರಿಹೋಗುವಂತೆ ಬೈದಿದ್ದಳು: "ಗಂಡ ಬದುಕಿರೋತನಕ ಬಳಿ ಕಳಿಯಾಕಿ ಅಲ್ಲ ನಾನು. ನಿನ್ನ ಕ್ಯಾಸೆಟ್ಟು ಸುಡ್ಲಿ!" ಕಡೆಗೆ ಅವಳು ಅಂಡಿಗೆಯ ಬಾಯಿ ಬಿಚ್ಚಿಸಿ, ಮೊಳಕೈವರೆಗೆ ಎರಡೂ ಕೈ ಹತ್ತಿಯೊಳಗೆ ಹುಗಿದುಕೊಂಡು ಕೂರುವುದೆಂದು ತೀರ್ಮಾನವಾಯಿತು. ಎರಡನೆಯ ಹಾಡಿನಲ್ಲಿ ನೊಣ ಓಡಿಸಲು ಒಂದು ಕೈ ಹೊರಗೆ ತೆಗೆದದ್ದಕ್ಕೆ ಆ ಹಾಡು ಇನ್ನೊಮ್ಮೆ ಹಾಡಬೇಕಾಯಿತಂತೆ.

ಹಂಪಮ್ಮನೋ? ಪಕ್ಕನೆ ತೆಗೆದುಕೊಟ್ಟಳು. ಅವಳಿಗೆ ಗಂಡನ ಗೋಜಿಲ್ಲ. ನಮ್ಮವರು ಅವಳ ಬಳೆಗಳನ್ನು ಒಂದು ಡಬ್ಬಿಯಲ್ಲಿ ಇಡಬಹುದಿತ್ತು. ಅಂಗಿಯ ಎದೆಯ ಜೇಬಿನಲ್ಲಿ ಇಟ್ಟುಕೊಂಡರು. ನಾನು ಅಲ್ಲೇ ಹಾಲಿನ ತಂಬಿಗೆ ಹಿಡಿದು ನಿಂತಿದ್ದೆ.

"ಹಂಗಾರ ನೋಡೇ ಬಿಡೋಣು," ಎಂದೆ.

ಬೇರೆ ಸ್ಪೂಲು ಹಾಕಿದೆ. ಹಾಡಿನ ಮೈಕು ಇದ್ದಲ್ಲೇ ಇತ್ತು. ಪಾಲಯ್ಯ ಕೌದಿಯ ಮೇಲೆ ಕೂತು ಅದೇ ಠೇಕಾ ಹಿಡಿದ. ರೆಕಾರ್ಡಿಗೆ ಎರಡು ಗುಂಡಿ ಕೂಡಿಸಿ ಒತ್ತಿದೆ. ಕೆಂಪು ದೀಪ ಹತ್ತಿತು. ಎರ್ರಮ್ಮ ಹತ್ತಿಯೊಳಗಿಂದ ಕೈ ತೆಗೆದು, ಉಸಿರು ಬಿಗಿಹಿಡಿದು, ಕಾಲ್ಬೆರಳ ಮೇಲೆ ನಡೆದು ಗೂಡಿನ ಕಂಬಳಿ ಎತ್ತಿದಳು, ತಂಬಿಗೆಯ ಮುಚ್ಚಳ ತೆಗೆದಂತೆ ಮಾಡಿದಳು, ಕಂಬಳಿ ಇಳಿಸಿದಳು.

ಟೇಪು ಹಿಂದಕ್ಕೆ ಸುತ್ತಿ ಕೇಳಿದೆವು. ಖಣ್ ಎನ್ನುವ ಮೊಳಗು ಹಾಗೆಯೇ ಬಂತು. ಮೂರನೆಯ ಚರಣದಲ್ಲಿ ಕೇಳಿದ್ದೇ. ಆದರೆ ಅದರ ಮೇಲೆ ಬಳೆಗಳೂ ಬಂದವು, ಹೋಗುವಾಗ, ಎತ್ತುವಾಗ, ಇಳಿಸುವಾಗ.

"ಟವೆಲ್ ಸುತ್ತಿಕೊಂಡಿದ್ರ?" ಎಂದೆ. ನನಗೆ ಸೋಲಲು ಮನಸ್ಸಿರಲಿಲ್ಲ.

ಸುತ್ತಿಯೂ ನೋಡಿದೆವು. ಸದ್ದು ಮಂಕಾಯಿತು, ಹೋಗಲಿಲ್ಲ. ಸೋಮವಾರದ ಟೇಪನ್ನು ಮತ್ತೆ ಹಚ್ಚಿ ಮೂವರೂ ಸರದಿಯಂತೆ ಕೇಳಿದೆವು. ತಬಲ ಮೊಳಗುತ್ತದೆ, ಮಂದವಾಗುತ್ತದೆ. ಅಲ್ಲಿ ಬಳೆಯ ಸುಳಿವೇ ಇಲ್ಲ.

"ತಪ್ಪಾತು ಅಕ್ಕ," ಎಂದೆ.

"ತಪ್ಪು ಒಪ್ಪು ಆಮ್ಯಾಲ ನೋಡೋಣಂತ," ಎಂದಳು ಎರ್ರಮ್ಮ. "ಬಳಿ ಇಲ್ಲದ ಕೈ ಹುಡುಕು. ಹಂಪಿ ಅಂತೂ ಮೈಕಿನ ಮುಂದ ಹಾಡಾಕ ಹತ್ತಿದ್ಲು. ಅಂದ್ರ ಗಂಡಸಿನ ಕೈ."

"ನನ್ನ ಎರಡೂ ಕೈ ಟೇಪಿನಾಗ ಅದಾವು ಮತ್ತ!" ಎಂದ ಪಾಲಯ್ಯ ಗಾಬರಿಯಿಂದ.

"ನಿಂದಲ್ಲ ಅಣ್ಣ. ಮಾಸ್ತರದೂ ಅಲ್ಲ. ಒಂದು ಕೈ ಬಿಟ್ಟರೂ ಪೇಟಿ ಉಸಿರು ಕಟ್ಟತೈತಿ. ಮತ್ತ ಯಾರು? ಬಾಗಿಲಕ್ಕ ಚಿಲಕ ಹಾಕಿತ್ತು."

ಪಾಲಯ್ಯ ಮೂಲೆಯ ಕುರ್ಚಿಯ ಕಡೆ ಒಮ್ಮೆ ನೋಡಿದ. ನೋಡಿ ಥಟ್ಟನೆ ಕಣ್ಣು ತೆಗೆದ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ನನಗ ಕೂಡ್ಲಿಗಿ ಬಸ್ಸಿಗೆ ಹೊತ್ತಾತವ್ವ" ಎಂದು ಚಪ್ಪಲಿ ಮೆಟ್ಟಿ ಹೊರಟುಬಿಟ್ಟ.

ಎರ್ರಮ್ಮ ಮಾತ್ರ ಬಾಗಿಲವರೆಗೆ ಹೋದವಳು ತಿರುಗಿ ಬಂದಳು. ಇಷ್ಟು ಹೊತ್ತು ನನ್ನ ಜೊತೆ ಹಲ್ಲು ಕಡಿಯುತ್ತಿದ್ದವಳು ನನ್ನ ಗಲ್ಲ ಮುಟ್ಟಿದಳು.

"ಮನಿಗೆ ಹೋಗು ತಂಗಿ. ಆ ಟೇಪು ಅಳಿಸಿಬಿಡು."

"ಅಳಿಸೋದಾ? ನನ್ನ ಮ್ಯಾಲಿನ ಅಪವಾದ ಕಳಿಯೋದು ಅದೊಂದ!"

"ಕಳದ ಮ್ಯಾಲ ಏನು ಉಳಿತೈತಿ, ಅದನ್ನೂ ನೋಡಬೇಕಲ್ಲ ಯವ್ವ," ಎಂದು ಹೊರಟುಹೋದಳು.

ಹುಚ್ಚು ಮುದುಕಿ ಎಂದುಕೊಂಡೆ. ಇವತ್ತು ಸಂಜೆ ನಮ್ಮವರು ಬಸ್ಸಿಳಿದ ಕೂಡಲೇ ಈ ಟೇಪು ಹಚ್ಚಿ ಕೇಳಿಸುವವಳಿದ್ದೆ ನಾನು. ನೋಡ್ರಿ, ನಾನು ಎಕ್ಸ್‌ಚೇಂಜಿನಾಗ ಕುಂತಿದ್ದಾಗ ಇಲ್ಲಿ ಯಾರೋ ಕಂಬಳಿ ಎತ್ಯಾರ, ಇನ್ನರ ಮನಿಗೆ ಬರ್ರಿ. ಹೇಳಬೇಕಾದ ಮಾತುಗಳನ್ನು ಬಾಯಲ್ಲೇ ಜೋಡಿಸಿಕೊಂಡೆ. ಅವರು ತಲೆ ತಗ್ಗಿಸಿ ಹಾಸ್ಟೆಲ್ ಹುಡುಗನಂತೆ ಹಾಸಿಗೆ ಹೊತ್ತುಕೊಂಡು ಮನೆಗೆ ಬರುವುದೂ ಕಣ್ಣ ಮುಂದೆ ಬಂತು.

ಅದಕ್ಕೆ ಮೊದಲು ಇನ್ನೊಮ್ಮೆ ಕೇಳೋಣ ಎಂದು ಕೂತೆ.

ಎಕ್ಸ್‌ಚೇಂಜಿನಲ್ಲಿ ದಿನವಿಡೀ ಕಿವಿಗೆ ಹಚ್ಚಿಕೊಂಡು ಕೂತವಳು ನಾನು. ಯಾರು ಅಡಿಗೆಮನೆಯಿಂದ ಮಾತಾಡುತ್ತಾರೆ, ಯಾರು ತಗಡಿನ ಅಂಗಡಿಯಿಂದ, ಯಾರು ಹೆಂಡತಿಗೆ ಕೇಳದಂತೆ ಬಾಗಿಲು ಹಾಕಿಕೊಂಡು ಮಾತಾಡುತ್ತಾರೆ, ಕೋಣೆಯ ಸದ್ದೇ ಹೇಳಿಬಿಡುತ್ತದೆ. ಆದ್ದರಿಂದ ಬೆಳಗಿನಿಂದ ಬರೀ ಕೋಣೆಯನ್ನೇ ಕೇಳುತ್ತಿದ್ದೆ. ಹಂಪಮ್ಮನ ಸ್ವರ ಮಾತ್ರ ಬೇಕೆಂದೇ ಕೇಳಿಸಿಕೊಂಡಿರಲಿಲ್ಲ. ಆ ಸ್ವರ ಕೇಳಿದರೆ ನನಗೆ ತಲೆನೋವು.

ಈಗ ಕೇಳಿದೆ.

ಒಪ್ಪಬೇಕಾದ್ದು ಒಪ್ಪಬೇಕು. ಅವಳ ಕೊರಳು ದೇವರು ಕೊಟ್ಟದ್ದು. ಚರಣದ ಕಡೆಗೆ ಮೇಲಕ್ಕೆ ಒಂದು ಎತ್ತುಗಡೆ ಇದೆ. ಅಲ್ಲಿಗೆ ಬಂದರೆ ಕೇಳುವವರ ಮೈ ಜುಮ್ಮೆನ್ನುತ್ತದೆ. ಆ ಎತ್ತುಗಡೆ ಈ ಮಿಷನ್ನಿಗೆ ತಡೆಯುವುದಿಲ್ಲ. ಸದ್ದು ಅಳೆಯುವ ಮುಳ್ಳು ಕೆಂಪಿಗೆ ಹಾರಿ ಸ್ವರ ಒಡೆಯುತ್ತದೆ. ಅದಕ್ಕೇ ನಮ್ಮವರು ಸದ್ದು ತಗ್ಗಿಸುವ ತಿರುಗಣಿಯ ಮೇಲೆ ಎರಡು ಬೆರಳಿಟ್ಟುಕೊಂಡೇ ಕೂರುತ್ತಿದ್ದರು. ಅವಳು ಏರುವ ಮೊದಲೇ ಇವರ ಬೆರಳು ತಿರುಗುತ್ತಿತ್ತು. ಅವಳು ಉಸಿರು ತೆಗೆದುಕೊಂಡದ್ದು ನೋಡಿಯೇ ಇವರಿಗೆ ತಿಳಿಯುತ್ತಿತ್ತು. ತಾಲೀಮಿನ ದಿನ ಇದನ್ನು ನೋಡುತ್ತ ನಿಂತವಳಿಗೆ ಎದೆಯಲ್ಲಿ ಮುಳ್ಳಾಡಿಸಿದಂತಾಗಿತ್ತು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ನನ್ನ ಸಿಟ್ಟು ಏರುವ ಮೊದಲು ಒಂದು ದಿನವಾದರೂ ಇವರ ಬೆರಳು ಹೀಗೆ ತಿರುಗಿತ್ತೇ?

ಮೊದಲ ಚರಣದ ಎತ್ತುಗಡೆ ಬೆಣ್ಣೆಯಂತೆ ಹೋಯಿತು. ಎರಡನೆಯದೂ ಹಾಗೆಯೇ. ಮುಳ್ಳು ಕೆಂಪಿನ ಅಂಚಿಗೆ ಬಂದು ನಿಂತಿತು.

ಮೂರನೆಯದರಲ್ಲಿ ತಬಲ ಖಣ್ ಎಂದಿತು. ಹಂಪಮ್ಮ ಉಸಿರೆಳೆದುಕೊಂಡಳು. ಸ್ವರ ಏರಿತು. ಮುಳ್ಳು ಕೆಂಪಿಗೆ ಹಾರಿ ಕಡೆಯ ಕಡ್ಡಿಗೆ ಬಡಿಯಿತು. ಸ್ವರ ಬಿರಬಿರನೆ ಒಡೆಯಿತು.

ತಿರುಗಣಿಯ ಮೇಲೆ ಯಾವ ಬೆರಳೂ ಇರಲಿಲ್ಲ.

ನಾನು ಟೇಪು ನಿಲ್ಲಿಸಿದೆ. ಹಾಡಿದವರನ್ನು ಲೆಕ್ಕ ಹಿಡಿದಿದ್ದೆ, ಬಾರಿಸಿದವರನ್ನು ಹಿಡಿದಿದ್ದೆ, ಸುಮ್ಮನೆ ಕೂತವಳನ್ನೂ ಹಿಡಿದಿದ್ದೆ. ಟೇಪಿನಲ್ಲಿ ಕೇಳಿಸದೆ ಗೋದಾಮಿನಲ್ಲಿದ್ದ ಇನ್ನೊಬ್ಬರನ್ನು ನಾನು ಲೆಕ್ಕಕ್ಕೇ ತಂದಿರಲಿಲ್ಲ. ಬಳೆ ಇಲ್ಲದ ಕೈ. ಅವಳ ಬಳೆ ಜೇಬಿನಲ್ಲಿಟ್ಟುಕೊಂಡ ಕೈ. ಸ್ಪೂಲು ಬಚ್ಚಿಟ್ಟದ್ದು ನನ್ನನ್ನು ಉಳಿಸಲಿಕ್ಕಲ್ಲ.

ಅಳಿಸದೆ ಏಕೆ ಇಟ್ಟರು ಎಂಬುದಕ್ಕೂ ನನಗೆ ಉತ್ತರ ಹೊಳೆಯಿತು. ಅವಳ ಕಡೆಯ ಹಾಡು. ಅಳಿಸಲು ಕೈ ಬಂದಿರಲಿಕ್ಕಿಲ್ಲ. ಅಯ್ಯೋ ನನ್ನ ಕರ್ಮವೇ, ಅಂಥ ಹೊತ್ತಿನಲ್ಲೂ ಅದಕ್ಕೇ ಹೊಟ್ಟೆ ಉರಿಯಿತು.

ಆದರೆ ಅವಳ ಸ್ವರವೆಂದರೆ ಪ್ರಾಣ ಬಿಡುವ ಮನುಷ್ಯ ಆ ಸ್ವರವನ್ನೇ ಏಕೆ ಕೊಂದಾರು?

ಹೊರಗೆ ಚಪ್ಪಲಿಯ ಸದ್ದಾಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ನಮ್ಮವರು. ಕೈಯಲ್ಲಿ ತೆಲಿಗಿಯ ಔಷಧದ ಸೀಸೆ. ಹಿಂದೆ ಅವರದೇ ಟವೆಲ್ಲು ತಲೆಗೆ ಹೊದ್ದ ಹಂಪಮ್ಮ. ಹರಪನಹಳ್ಳಿ ಬಸ್ಸು ಬಂದದ್ದು ನನಗೆ ಕೇಳಿಸಿರಲೇ ಇಲ್ಲ. ಅಷ್ಟು ಚೆನ್ನಾಗಿ ಕಂಬಳಿ ಕಟ್ಟಿದ್ದರು.

ಅವರು ಮಿಷನ್ನು ನೋಡಿದರು. ಸ್ಪೂಲು ನೋಡಿದರು. ನಾಲ್ಕು ದಿನದ ಮೌನ ಮುರಿದು, ಮೊದಲ ಮಾತಾಡಿದರು.

"ಮೂರನೇ ಚರಣ ಕೇಳಿದಿಯೇನು?"

ಯಾವ ಚರಣವೆಂದು ನಾನು ಹೇಳಿರಲಿಲ್ಲ. ಹೇಳಲು ಅವರು ಊರಲ್ಲೇ ಇರಲಿಲ್ಲ.

"ಇಲ್ಲರಿ," ಎಂದೆ. ದನಿ ಸರಿಯಾಗಿಯೇ ಬಂತು, ಎಕ್ಸ್‌ಚೇಂಜಿನ ಅಭ್ಯಾಸ. "ಸ್ಪೂಲು ಈಗ ಕಣ್ಣಿಗೆ ಬಿತ್ತು. ಹಚ್ಚಬೇಕಂತ ಬರೇ ಏರಿಸಿಟ್ಟೀನಿ, ಇನ್ನ ಹಚ್ಚಿಲ್ಲ."

ಅವರ ಮುಖ ಸ್ವಲ್ಪ ಸಡಿಲವಾಯಿತು. ಹಂಪಮ್ಮ ಅವರನ್ನು ದಾಟಿ ಮುಂದೆ ಬಂದಳು. ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವಂತೆ ಮಿಷನ್ನಿನ ಮೇಲೆ ಅಂಗೈ ಇಟ್ಟಳು. ಬೆಳಗಿನಿಂದ ಓಡಿದ ಮಿಷನ್ನು ಬಿಸಿಯಾಗಿತ್ತು; ನನ್ನ ಸುಳ್ಳು ಸಿಕ್ಕಿಬಿತ್ತು.

ಅವಳು ನಮ್ಮವರ ಕಡೆ ತಿರುಗಿ ಒಂದು ಬೆರಳು ಆಡಿಸಿದಳು. ಅವಳ ಸನ್ನೆ ಅವರಿಗೆ ತಿಳಿಯದೆ ಹೋಗುವುದುಂಟೆ?

ನಮ್ಮವರು ಹಿಂದಕ್ಕೆ ಹೋಗಿ ಬಾಗಿಲ ಚಿಲಕ ಹಾಕಿದರು. ಬಂದು ಕುರ್ಚಿಯಲ್ಲಿ ಕೂತರು. ನಾನು ನಿಲ್ಲಿಸಿದ ಜಾಗದಿಂದ ಟೇಪನ್ನು ಎರಡು ಸುತ್ತು ಹಿಂದಕ್ಕೆ ತಿರುಗಿಸಿ, ಎರಡು ಗುಂಡಿ ಕೂಡಿಸಿ ಒತ್ತಿದರು. ಕೆಂಪು ದೀಪ ಹತ್ತಿತು.

ಅಳಿಸುತ್ತಿದ್ದಾರೆ ಎಂದು ತಿಳಿಯಲು ನನಗೆ ಒಂದು ಉಸಿರು ಹಿಡಿಯಿತು. ಮೂರನೆಯ ಚರಣ ಹೋದರೆ ನಾನು ನಿರಪರಾಧಿ ಎನ್ನುವ ಸಾಕ್ಷಿಯೇ ಹೋಯಿತು. "ಬ್ಯಾಡ್ರಿ!" ಎಂದು ಮಿಷನ್ನಿಗೆ ಕೈ ಹಾಕಿದೆ.

ಹಂಪಮ್ಮ ನನ್ನ ಎರಡೂ ಮುಂಗೈ ಹಿಡಿದಳು. ಆ ಸ್ವರ ನಿಜವಾಗಿ ಸತ್ತಿತ್ತೋ ಇಲ್ಲವೋ, ಅಪವಾದವನ್ನಂತೂ ಇಬ್ಬರೂ ಕೂಡಿಯೇ ನನ್ನ ಮೇಲೆ ಹೊರಿಸಿದ್ದರು. ಹಿಡಿದು, ಹಾಡಿನ ಮೈಕಿನ ಮುಂದಕ್ಕೆ ಎಳೆದು, ಬಲವಾಗಿ ಅಲ್ಲಾಡಿಸಿದಳು.

ನನ್ನ ಬಳೆಗಳು ಖಣಖಣ ಎಂದವು. ಇನ್ನು ಟೇಪು ಕೇಳಿದವರಿಗೆ ಆ ಚರಣದಲ್ಲಿ ಕೇಳುವುದು ಬಳೆ ತೊಟ್ಟ ಕೈ. ನಮ್ಮವರು ಅಷ್ಟಾದ ಕೂಡಲೇ ಟೇಪು ನಿಲ್ಲಿಸಿದರು, ಉಳಿದ ಹಾಡನ್ನು ಮುಟ್ಟಲಿಲ್ಲ.